ಕ್ಲಚ್ ಕವರಿನ ಒಂದು ಸ್ಕ್ರೂ ತಲೆ ಸವೆದು ಕುಳಿತಿದೆ, ಮುಂದೇನು ಮಾಡಲಿ?

ಹಳೆಚಕ್ರ:
ನನ್ನ ಬಳಿ 1980ರ ದಶಕದ ಜಪಾನೀ ಮೋಟರ್‌ಸೈಕಲ್ ಒಂದಿದೆ. ಕ್ಲಚ್ ಜಾರತೊಡಗಿದ್ದರಿಂದ ಪ್ಲೇಟು ಬದಲಿಸೋಣವೆಂದು ಎಣ್ಣೆ ಇಳಿಸಿ, ಕಿಕ್ಕರ್ ಕಳಚಿ, ಬಲಬದಿಯ ಕವರಿಗೆ ಕೈಹಾಕಿದೆ. ಒಂಬತ್ತು ಸ್ಕ್ರೂಗಳಲ್ಲಿ ಎಂಟು ಸಲೀಸಾಗಿ ಬಂದವು. ಕವರಿನ ಕೆಳಗಿನ ಹಿಂಮೂಲೆಯಲ್ಲಿರುವ ಒಂಬತ್ತನೆಯದು ಮಾತ್ರ ಅಲುಗಲಿಲ್ಲ. ಮೂರನೆಯ ಪ್ರಯತ್ನದಲ್ಲಿ ಸ್ಕ್ರೂಡ್ರೈವರ್ ಮೇಲಕ್ಕೆ ಎಗರಿ, ತಲೆಯ ಪ್ಲಸ್ ಗುರುತು ಹೆಚ್ಚುಕಡಿಮೆ ದುಂಡಗಿನ ಬಟ್ಟಲಿನಂತಾಗಿದೆ. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾನು ಈ ಗಾಡಿಯನ್ನು ಕೊಂಡ ದಿನದಿಂದಲೂ ಇದೇ ಮೂಲೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ಕವರ್ ಒಡೆದರೆ ಬೇರೆಯದು ಸಿಗುವುದು ಕಷ್ಟವಾದ್ದರಿಂದ ಅವಸರ ಮಾಡದೆ ನಿಮ್ಮನ್ನು ಕೇಳುತ್ತಿದ್ದೇನೆ.

ಎಣ್ಣೆಕೈ:
ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಇನ್ನು ಒಂದೇ ಒಂದು ಸುತ್ತು ಕೂಡ ಅದೇ ಸ್ಕ್ರೂಡ್ರೈವರಿನಿಂದ ತಿರುಗಿಸಬೇಡಿ.

ಸ್ಪಾನರ್‌ಪೆಟ್ಟಿಗೆ:
ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬೋಲ್ಟು 'ಸ್ಲಿಪ್' ಆಗಿದೆ ಎಂದು ನಾವು ಹೇಳುವಾಗ ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ತಲೆ ಸವೆದು ಹಿಡಿತ ಸಿಗದಿರುವುದು ಒಂದು. ತಲೆ ಚೆನ್ನಾಗಿದ್ದು ಒಳಗಿನ ಥ್ರೆಡ್, ಅಂದರೆ ಸುರುಳಿ ಗೆರೆ, ಹೋಗಿ, ಎಷ್ಟು ತಿರುಗಿಸಿದರೂ ಹೊರಗೆ ಬಾರದೆ ಸುತ್ತುತ್ತಲೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ಮಾಡುವ ಚಿಕಿತ್ಸೆ ಎರಡನೆಯದಕ್ಕೆ ಒಗ್ಗುವುದಿಲ್ಲ. ನಿಮ್ಮ ಸ್ಕ್ರೂ ಒಂದು ಕೂದಲೆಳೆಯಷ್ಟಾದರೂ ತಿರುಗಿತೇ, ಇಲ್ಲ ಕಲ್ಲಿನಂತೆ ಕುಳಿತಿದೆಯೇ?

ಹಳೆಚಕ್ರ:
ಕಲ್ಲಿನಂತೆಯೇ ಕುಳಿತಿದೆ. ತಲೆ ಮಾತ್ರ ಸವೆದಿದೆ.

ತುಕ್ಕುಪುಡಿ:
ತಪ್ಪು ನಿಮ್ಮ ಕೈಯದಲ್ಲ, ಸ್ಕ್ರೂಡ್ರೈವರಿನದು. ಜಪಾನಿನಲ್ಲಿ ತಯಾರಾದ ಹಳೆಯ ಗಾಡಿಗಳ ಪ್ಲಸ್ ಸ್ಕ್ರೂಗಳು ಫಿಲಿಪ್ಸ್ ಎಂಬ ಸಾಮಾನ್ಯ ಪ್ಲಸ್ ಮಾನಕದವಲ್ಲ, ಅವು ಜೆ.ಐ.ಎಸ್. ಎಂಬ ಜಪಾನೀ ಮಾನಕದವು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಫಿಲಿಪ್ಸ್ ತುದಿ ಜೆ.ಐ.ಎಸ್. ಗುಳಿಯ ತಳದವರೆಗೆ ಇಳಿಯುವುದಿಲ್ಲ. ಗೋಡೆಯ ಮೇಲಂಚನ್ನಷ್ಟೇ ಹಿಡಿದುಕೊಂಡು, ಬಲ ಬಿದ್ದ ಕೂಡಲೇ ಮೇಲಕ್ಕೆ ಏರುತ್ತದೆ. ಉಳಿದ ಎಂಟು ಸ್ಕ್ರೂಗಳ ತಲೆಯನ್ನು ಒರೆಸಿ ನೋಡಿ. ಅನೇಕ ಜೆ.ಐ.ಎಸ್. ಸ್ಕ್ರೂಗಳ ತಲೆಯ ಮೇಲೆ, ಪ್ಲಸ್ ಗುರುತಿನ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತದೆ.

ಹಳೆಚಕ್ರ:
ಏಳರ ಮೇಲೆ ಚುಕ್ಕೆ ಇದೆ. ಒಂದರ ಮೇಲೆ ಇಲ್ಲ. ಸಿಕ್ಕಿಕೊಂಡಿರುವುದರ ಮೇಲೂ ಇದ್ದಂತೆ ಕಾಣುವುದಿಲ್ಲ, ಆದರೆ ಅದರ ತಲೆ ಈಗ ಓದುವ ಸ್ಥಿತಿಯಲ್ಲಿಲ್ಲ.

ಲೇತ್‌ಪಕ್ಕ:
ಚುಕ್ಕೆ ಇಲ್ಲದವು ಯಾರೋ ಆಮೇಲೆ ಹಾಕಿದ ಸ್ಕ್ರೂಗಳಾಗಿರಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಣ್ಣೆಕೈ:
ಹ್ಯಾಂಡ್ ಇಂಪ್ಯಾಕ್ಟ್ ಡ್ರೈವರ್ ಇದೆಯೇ? ಸುತ್ತಿಗೆಯಿಂದ ಹಿಂಬದಿಗೆ ಹೊಡೆಯುವ, ದಪ್ಪ ಹಿಡಿಯ ಉಪಕರಣ. ಅದರೊಳಗೆ ಓರೆಯಾದ ಜಾಡೊಂದಿದ್ದು, ಪೆಟ್ಟು ಬಿದ್ದಾಗ ತುದಿ ಗುಳಿಯೊಳಕ್ಕೆ ಒತ್ತಿಕೊಳ್ಳುವುದೂ ತಿರುಗುವುದೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಹಾಗಾಗಿ ತುದಿಗೆ ಎಗರಲು ಅವಕಾಶವೇ ಇರುವುದಿಲ್ಲ. ಬಿಚ್ಚುವ ದಿಕ್ಕಿಗೆ ಇಟ್ಟಿದ್ದೀರೆಂದು ಎರಡು ಬಾರಿ ನೋಡಿಕೊಳ್ಳಿ, ಕೈಯಿಂದ ತಿರುಗಿಸಿ ಒಳಗಿನ ಸಡಿಲವನ್ನು ತೆಗೆದುಕೊಳ್ಳಿ, ಬಳಿಕ ಭಾರವಾದ ಸುತ್ತಿಗೆಯಿಂದ ನೇರವಾಗಿ ಹೊಡೆಯಿರಿ. ಹಗುರವಾದ ಸುತ್ತಿಗೆಯ ಹತ್ತು ಪೆಟ್ಟಿಗಿಂತ ಭಾರವಾದದ್ದರ ಒಂದು ಪೆಟ್ಟು ಹೆಚ್ಚು ಕೆಲಸ ಮಾಡುತ್ತದೆ.

ನಿಧಾನಗಾಮಿ:
ಹಳೆಯ ಅಲ್ಯೂಮಿನಿಯಮ್ ಎರಕದ ಮೇಲೆ ಭಾರವಾದ ಸುತ್ತಿಗೆಯನ್ನು ಬೀಸುವುದನ್ನು ನಾನು ಒಪ್ಪುವುದಿಲ್ಲ. ಒಡೆದ ಕವರಿಗೆ ಯಾರು ಹೊಣೆ?

ಎಣ್ಣೆಕೈ:
ಜಾಗ ನೋಡಿ ಹೊಡೆಯಬೇಕೆಂಬುದು ನಿಜ. ಬ್ರೇಕ್ ಮಾಸ್ಟರ್ ಸಿಲಿಂಡರಿನ ಮುಚ್ಚಳ, ಕಾರ್ಬ್ಯುರೇಟರಿನ ಅಂಚು, ಸಿಲಿಂಡರಿನ ತೆಳು ಫಿನ್ನುಗಳು ಇವುಗಳ ಹತ್ತಿರ ನಾನೂ ಸುತ್ತಿಗೆ ಎತ್ತುವುದಿಲ್ಲ. ಆದರೆ ಕ್ಲಚ್ ಕವರಿನ ಸ್ಕ್ರೂವಿನ ನೇರ ಹಿಂದೆ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಮುಖ್ಯ ಕವಚದ, ದಪ್ಪ ಭಾಗವಿದೆ. ಪೆಟ್ಟಿನ ಭಾರವನ್ನು ಅದು ಹೊರುತ್ತದೆ.

ಎರಡುಗಾಲಿ:
ಎಲ್ಲಕ್ಕಿಂತ ಮೊದಲು ಸ್ಕ್ರೂವಿಗೆ ಎಣ್ಣೆ ಹನಿಸಿ ಒಂದು ರಾತ್ರಿ ಸುಮ್ಮನಿರಬೇಕು. ಡಬ್ಲ್ಯುಡಿ-40 ಹೊಡೆದು ಐದು ನಿಮಿಷಕ್ಕೆ ಸ್ಪಾನರ್ ಹಿಡಿದರೆ ಏನೂ ಪ್ರಯೋಜನವಿಲ್ಲ. ಆ ಹೆಸರಿನಲ್ಲಿರುವ ಡಬ್ಲ್ಯು ಮತ್ತು ಡಿ ಅಕ್ಷರಗಳು ನೀರನ್ನು ಹೊರದಬ್ಬುವುದು ಎಂಬ ಅರ್ಥದವು, 40 ಎಂದರೆ ನಲವತ್ತನೆಯ ಪ್ರಯತ್ನದಲ್ಲಿ ಫಲಿಸಿದ ಸೂತ್ರ. ತೇವದಿಂದ ಲೋಹವನ್ನು ಕಾಪಾಡಲೆಂದು 1953ರಲ್ಲಿ ರೂಪುಗೊಂಡ ದ್ರವ ಅದು. ಸಿಕ್ಕಿಕೊಂಡ ಥ್ರೆಡ್ಡಿನೊಳಗೆ ಇಳಿಯುವುದಕ್ಕೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆ ಸಿಗುತ್ತದೆ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಸಮವಾಗಿ ಬೆರೆಸಿ ಬಳಸುವವರೂ ಇದ್ದಾರೆ. ಅವೆರಡೂ ಸುಮ್ಮನಿಟ್ಟರೆ ಬೇರೆಯಾಗುತ್ತವೆ, ಆದ್ದರಿಂದ ಪ್ರತಿ ಬಾರಿಯೂ ಕುಲುಕಿ ಹಾಕಬೇಕು.

ತುಕ್ಕುಪುಡಿ:
ಹಾಗೆ ಬೆರೆಸಿ ಹಾಕಿದ ಮೇಲೆ ಬೆಂಕಿ ಹಚ್ಚಲೇಬಾರದು ಎಂಬುದನ್ನೂ ಸೇರಿಸಿ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ, ಬಣ್ಣವನ್ನೂ ಕರಗಿಸುತ್ತದೆ.

ನಿಧಾನಗಾಮಿ:
ಬಿಸಿಯ ಮಾತು ಹೇಗಿದ್ದರೂ ಬಂತಲ್ಲ, ಅದನ್ನು ಇತ್ಯರ್ಥ ಮಾಡಿಕೊಳ್ಳೋಣ. ಬೋಲ್ಟನ್ನು ಕಾಯಿಸಬೇಕೋ, ಸುತ್ತಲಿನ ಕವಚವನ್ನು ಕಾಯಿಸಬೇಕೋ? ಬೋಲ್ಟನ್ನೇ ಕಾಯಿಸಿ ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಕಾಯಿಸಿದರೆ ಬೋಲ್ಟು ಹಿಗ್ಗಿ ಇನ್ನೂ ಬಿಗಿಯಾಗುವುದಿಲ್ಲವೇ?

ಲೇತ್‌ಪಕ್ಕ:
ಎರಡೂ ವಾದಗಳಲ್ಲಿ ಸತ್ಯವಿದೆ. ಬಿಸಿ ಮಾಡಿದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಮ್ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಬೆಳೆದರೆ ಉಕ್ಕು ಸುಮಾರು 12 ಮೈಕ್ರಾನ್ ಬೆಳೆಯುತ್ತದೆ. 6 ಮಿ.ಮೀ. ರಂಧ್ರಕ್ಕೆ ಲೆಕ್ಕ ಹಾಕಿದರೆ, 100 ಡಿಗ್ರಿ ಏರಿಸಿದಾಗ ರಂಧ್ರಕ್ಕೂ ಬೋಲ್ಟಿಗೂ ನಡುವೆ 7 ಮೈಕ್ರಾನಿಗೂ ಕಡಿಮೆ ಅಂತರ ಹೆಚ್ಚುತ್ತದೆ. ಕೇಳಲು ಏನೂ ಅಲ್ಲ ಎನಿಸಬಹುದು. ಆದರೆ ಉಕ್ಕು ಮತ್ತು ಅಲ್ಯೂಮಿನಿಯಮ್ ನಡುವೆ ತೇವ ಸೇರಿದಾಗ ಅಲ್ಯೂಮಿನಿಯಮ್ ಕೊರೆದುಹೋಗಿ ಹುಟ್ಟುವ ಬಿಳಿ ಪುಡಿ, ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸ್ಕ್ರೂವನ್ನು ಆಣಿಯಂತೆ ಬಿಗಿಹಿಡಿಯುವುದು ಅದೇ ಪುಡಿ. ಆ ಪುಡಿಯ ಪದರ ಬಿರುಕು ಬಿಡಲು ಅಷ್ಟೇ ಅಂತರ ಸಾಕು. ಹಾಗಾಗಿ ಇಲ್ಲಿ ಕಾಯಿಸಬೇಕಾದುದು ಕವಚವನ್ನು. ಬೋಲ್ಟಿಗೆ ಥ್ರೆಡ್‌ಲಾಕ್ ಅಂಟು ಹಾಕಿದ್ದರೆ ಮಾತ್ರ ಬೇರೆ ಲೆಕ್ಕ. ಕೆಂಪು ಬಣ್ಣದ ಗಟ್ಟಿ ಅಂಟು ಮೆತ್ತಗಾಗಲು ಸುಮಾರು 250 ಡಿಗ್ರಿ ಬೇಕು, ಆಗ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ಬೋಲ್ಟಿನ ತಲೆಗೇ ಒತ್ತಿ ಹಿಡಿಯುವುದು ಸರಿ.

ಎಣ್ಣೆಕೈ:
ಹೀಟ್ ಗನ್ ಸಾಕು, ಗ್ಯಾಸಿನ ಜ್ವಾಲೆ ಬೇಡ. ಅಲ್ಯೂಮಿನಿಯಮ್ ಸುಮಾರು 660 ಡಿಗ್ರಿಗೆ ಕರಗುತ್ತದೆ, ಆದರೆ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ. ನೋಡುತ್ತಿದ್ದಂತೆಯೇ ಕುಸಿದುಬಿಡುತ್ತದೆ. ಕಿಕ್ಕರ್ ಶಾಫ್ಟಿನ ರಬ್ಬರ್ ಸೀಲ್ ಕೂಡ ಪಕ್ಕದಲ್ಲೇ ಇದೆ. ಒಂದು ಹನಿ ನೀರು ಬಿಟ್ಟರೆ ಚುಂಯ್ ಎನ್ನುವಷ್ಟು ಬಿಸಿಯಾದರೆ ನಿಲ್ಲಿಸಿ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡುವುದು ಮೊದಲ ಕೆಲಸ.

ಹಳೆಚಕ್ರ:
ಟ್ಯಾಂಕ್ ತೆಗೆದು ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. ಇಂದು ಪೆನೆಟ್ರೇಟಿಂಗ್ ಆಯಿಲ್ ಹಾಕಿ ಬಿಡುತ್ತೇನೆ, ನಾಳೆ ಇಂಪ್ಯಾಕ್ಟ್ ಡ್ರೈವರ್ ಪ್ರಯತ್ನ.

ಹೊಸಕಲಿಕೆ:
ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನದು ಪ್ಲಸ್ ಸ್ಕ್ರೂ ಅಲ್ಲ, 5 ಮಿ.ಮೀ. ಆಲನ್ ಬೋಲ್ಟು. ಒಳಗಿನ ಆರು ಮೂಲೆಗಳೂ ದುಂಡಗಾಗಿವೆ. ಇದೇ ಉಪಾಯಗಳು ನಡೆಯುತ್ತವೆಯೇ?

ಸ್ಪಾನರ್‌ಪೆಟ್ಟಿಗೆ:
ನಿಮ್ಮದು ಇನ್ನೂ ಸುಲಭ. ಟಿ-30 ಅಳತೆಯ ಟಾರ್ಕ್ಸ್ ಬಿಟ್ಟನ್ನು ಆ ಗುಳಿಯೊಳಗೆ ಸುತ್ತಿಗೆಯಿಂದ ಬಡಿದು ಕೂರಿಸಿ. ಅದರ ನಕ್ಷತ್ರದ ತುದಿಗಳ ನಡುವಿನ ಅಗಲ ಸುಮಾರು 5.5 ಮಿ.ಮೀ. ಇರುವುದರಿಂದ ಸವೆದ ಗೋಡೆಯನ್ನು ಕಚ್ಚಿ ಹೊಸ ಹಿಡಿತ ಮಾಡಿಕೊಳ್ಳುತ್ತದೆ. ಬಡಿದ ಪೆಟ್ಟೇ ಅರ್ಧ ಕೆಲಸ ಮಾಡಿರುತ್ತದೆ. ಹೊರಗೆ ಬಂದ ಬೋಲ್ಟನ್ನು ಮತ್ತೆ ಬಳಸಬೇಡಿ.

ಹೊಸಕಲಿಕೆ:
ಬಂತು! ಎರಡೇ ಪೆಟ್ಟಿಗೆ ಕುಳಿತು, ರ‍್ಯಾಚೆಟ್ ಹಾಕಿದ ಕೂಡಲೇ 'ಟಕ್' ಎಂದು ಬಿಟ್ಟುಕೊಂಡಿತು. ನಿಮಗೆ ತುಂಬಾ ಧನ್ಯವಾದಗಳು.

ಎರಡುಗಾಲಿ:
ಹೊರಗಿನ ಷಡ್ಭುಜ ತಲೆಯ ಬೋಲ್ಟುಗಳ ಬಗ್ಗೆಯೂ ಒಂದು ಮಾತು. ಹನ್ನೆರಡು ಮೂಲೆಯ ರಿಂಗ್ ಸ್ಪಾನರ್ ಮೂಲೆಗಳ ತುದಿಯನ್ನಷ್ಟೇ ಹಿಡಿಯುತ್ತದೆ, ಆರು ಮೂಲೆಯ ಸಾಕೆಟ್ ಬದಿಗಳನ್ನು ಹಿಡಿಯುತ್ತದೆ. ಹಠ ಹಿಡಿದ ಬೋಲ್ಟಿಗೆ ಆರು ಮೂಲೆಯದನ್ನೇ ಹಾಕಬೇಕು. ಹಳೆಯ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಅನೇಕ ಬೋಲ್ಟುಗಳ ತಲೆ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಮಾನಕದ ಅಳತೆಯವು, ಮಿಲಿಮೀಟರ್ ಸ್ಪಾನರ್ 'ಹೆಚ್ಚುಕಡಿಮೆ' ಹೊಂದಿದಂತೆ ಕಂಡು, ಬಲ ಬಿದ್ದಾಗ ಮೂಲೆಗಳನ್ನು ತಿಂದುಬಿಡುತ್ತದೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಆ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನದು 60. ಬೋಲ್ಟು ಬದಲಿಸುವಾಗ ಇವನ್ನು ಬೆರೆಸಿದರೆ ಎರಡು ಸುತ್ತು ಹೋಗಿ ಒಳಗಿನ ಥ್ರೆಡ್ ಹಾಳಾಗುತ್ತದೆ.

ನಿಧಾನಗಾಮಿ:
ಬಿಚ್ಚುವ ದಿಕ್ಕು ಯಾವುದೆಂದು ತಿಳಿದಿರಬೇಕು. ಯಮಹಾ ಗಾಡಿಗಳ ಬಲಗನ್ನಡಿಯ ಥ್ರೆಡ್ ಸಾಮಾನ್ಯವಾಗಿ ಎಡಮುಖಿಯಾಗಿರುತ್ತದೆ. ತಿಳಿಯದೆ ಬಲವಂತ ಮಾಡಿದವರು ಬಿಚ್ಚುತ್ತಿದ್ದೇವೆಂದು ಬಿಗಿಯುತ್ತಿರುತ್ತಾರೆ.

ಹಳೆಚಕ್ರ:
ಸುದ್ದಿ ಚೆನ್ನಾಗಿಲ್ಲ. ರಾತ್ರಿಯಿಡೀ ಎಣ್ಣೆ ಕುಡಿಸಿ, ಬೆಳಿಗ್ಗೆ ಕವರನ್ನು ಬಿಸಿ ಮಾಡಿ, ಜೆ.ಐ.ಎಸ್. ಬಿಟ್ ಹಾಕಿ ಇಂಪ್ಯಾಕ್ಟ್ ಡ್ರೈವರಿನಿಂದ ಆರು ಪೆಟ್ಟು ಕೊಟ್ಟೆ. ಜಾರದಿರಲೆಂದು ತುದಿಗೆ ವಾಲ್ವ್ ಉಜ್ಜುವ ಪೇಸ್ಟನ್ನೂ ಹಚ್ಚಿದ್ದೆ. ಮೊದಲ ಮೂರು ಪೆಟ್ಟಿಗೆ ಹಿಡಿತ ಸಿಕ್ಕಿತು, ಆದರೆ ಸ್ಕ್ರೂ ಅಲುಗಲಿಲ್ಲ. ನಾಲ್ಕನೆಯದಕ್ಕೆ ತಲೆಯ ಒಂದು ಬದಿ ಹರಿದುಬಂತು. ಸ್ಕ್ರೂವಿನೊಳಗೆ ಕಚ್ಚಿಸಿ ಹೊರಗೆ ತಿರುಗಿಸುವ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ತಂದು ಹಾಕಲೇ?

ಎರಡುಗಾಲಿ:
ಹಾಕಿ. ಅದಕ್ಕೆಂದೇ ಮಾಡಿದ್ದು ಅದು.

ಲೇತ್‌ಪಕ್ಕ:
ದಯವಿಟ್ಟು ಹಾಕಬೇಡಿ. ಎಂ6 (6 ಮಿ.ಮೀ. ದಪ್ಪದ) ಸ್ಕ್ರೂವಿನೊಳಗೆ 3 ಮಿ.ಮೀ. ರಂಧ್ರ ಕೊರೆದು ಹಾಕುವ ಎಕ್ಸ್‌ಟ್ರ್ಯಾಕ್ಟರ್ ಕಡ್ಡಿಯಷ್ಟು ತೆಳ್ಳಗಿರುತ್ತದೆ, ಗಟ್ಟಿ ಉಕ್ಕಿನದಾದ್ದರಿಂದ ಬಾಗುವ ಬದಲು ಮುರಿಯುತ್ತದೆ. ಮೊನಚಾದ ಆಕಾರದಿಂದ ಸ್ಕ್ರೂವನ್ನು ಒಳಗಿನಿಂದ ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ಆಮೇಲೆ ಕಾರ್ಬೈಡ್ ಬಿಟ್ಟೋ, ಕಿಡಿಯಿಂದ ಲೋಹ ಸವೆಸುವ ಯಂತ್ರವೋ ಬೇಕಾಗುತ್ತದೆ. ನನ್ನ ಮೇಜಿಗೆ ಬರುವ ಕೆಲಸಗಳಲ್ಲಿ ಅತಿ ಕೆಟ್ಟವು ಹೀಗೆ ಒಳಗೆ ಎಕ್ಸ್‌ಟ್ರ್ಯಾಕ್ಟರ್ ಮುರಿದುಕೊಂಡು ಬಂದವೇ. ಸಡಿಲವಾಗಿ ಕುಳಿತ, ತಲೆ ಮಾತ್ರ ಮುರಿದ ಬೋಲ್ಟಿಗೆ ಅದು ಆದೀತು. ಕಲ್ಲಿನಂತೆ ಕುಳಿತಿರುವುದಕ್ಕೆ ಅಲ್ಲ.

ನಿಮ್ಮ ಮುಂದೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ತಲೆಯನ್ನೇ ಕೊರೆದು ತೆಗೆದುಬಿಡಿ. ಸವೆದ ಗುಳಿಯ ನಡುಮಧ್ಯಕ್ಕೆ ಸೆಂಟರ್ ಪಂಚ್ ಇಟ್ಟು ಗುರುತು ಮಾಡಿ, ಮೊದಲು 3 ಮಿ.ಮೀ. ಬಿಟ್ಟಿನಿಂದ ತಲೆಯ ಆಳದಷ್ಟು ಮಾತ್ರ ಕೊರೆಯಿರಿ, ಬಳಿಕ 6 ಮಿ.ಮೀ. ಬಿಟ್ ಹಾಕಿ. ನಿಧಾನವಾದ ವೇಗ, ಗಟ್ಟಿಯಾದ ಒತ್ತು, ನಡುನಡುವೆ ಒಂದು ಹನಿ ಎಣ್ಣೆ. ತಲೆಯ ಬುಡ ತೆಳುವಾದಾಗ ಅದು ಬಳೆಯಂತೆ ಬಿಟ್ಟಿನ ಜೊತೆ ಸುತ್ತತೊಡಗುತ್ತದೆ. ಅಲ್ಲಿ ನಿಲ್ಲಿಸಿ. ಕವರ್ ಇನ್ನೂ ಮುಚ್ಚಿರುವುದರಿಂದ ಲೋಹದ ಚೂರು ಕ್ಲಚ್ಚಿನೊಳಗೆ ಬೀಳುವ ಭಯವೂ ಇಲ್ಲ. ಕವರ್ ಬಿಚ್ಚಿದ ಮೇಲೆ ಹೊರಗೆ ಚಾಚಿರುವ ದಂಟನ್ನು ವೈಸ್ ಗ್ರಿಪ್ಪಿನಿಂದ, ಅಂದರೆ ಕಚ್ಚಿ ಲಾಕ್ ಆಗುವ ಇಕ್ಕಳದಿಂದ, ಹಿಡಿಯಬಹುದು. ತಲೆಯ ಕೆಳಗಿನ ಬಿಗಿತ ಹೋಗಿರುವುದರಿಂದ ಎಷ್ಟೋ ಬಾರಿ ಬೆರಳಿನಿಂದಲೇ ತಿರುಗಿ ಬರುತ್ತದೆ.

ಎರಡುಗಾಲಿ:
ಎಕ್ಸ್‌ಟ್ರ್ಯಾಕ್ಟರಿನ ಬಗ್ಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಾನು ಬಳಸಿದ್ದು 10 ಮಿ.ಮೀ. ಬೋಲ್ಟಿಗೆ, ಅದರಲ್ಲಿ ದಪ್ಪದ್ದು ಹಿಡಿಯುತ್ತದೆ.

ಸ್ಪಾನರ್‌ಪೆಟ್ಟಿಗೆ:
ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸುವ ಉಪಾಯವನ್ನು ಯಾರೂ ಹೇಳಲಿಲ್ಲವಲ್ಲ. ಅದರ ಬಿಸಿಯೇ ಥ್ರೆಡ್ಡನ್ನು ಬಿಡಿಸುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ.

ಎಣ್ಣೆಕೈ:
ಅದು ಪರಿಣಾಮಕಾರಿಯೇ, ಆದರೆ ಬ್ಯಾಟರಿಯ ತಂತಿ ಬಿಡಿಸದೆ, ಸಿ.ಡಿ.ಐ. ಮತ್ತು ರೆಕ್ಟಿಫೈಯರ್ ಎಂಬ ಇಲೆಕ್ಟ್ರಾನಿಕ್ ಘಟಕಗಳ ಪ್ಲಗ್ಗುಗಳನ್ನು ಕಳಚದೆ ಮಾಡಿದರೆ ಅವು ಸುಡಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗದಲ್ಲಿ ಮಾತ್ರ ಯಾರೂ ವೆಲ್ಡಿಂಗ್ ಮಾಡಬಾರದು. ಆ ದ್ರವ ವೆಲ್ಡಿಂಗಿನ ಬಿಸಿಗೂ ಬೆಳಕಿಗೂ ಒಡೆದು ಫಾಸ್ಜೀನ್ ಎಂಬ ಅನಿಲವಾಗುತ್ತದೆ, ಅದು ಪ್ರಾಣಕ್ಕೇ ಕುತ್ತು ತರುವ ವಿಷ. ಇದನ್ನು ತಿಳಿಯದೆ ಒರೆಸಿ ಬೆಸೆಯುವವರು ಇದ್ದಾರೆಂಬುದೇ ನನಗೆ ಭಯ.

ಹಳೆಚಕ್ರ:
ಲೇತ್‌ಪಕ್ಕ ಅವರು ಹೇಳಿದಂತೆಯೇ ಮಾಡಿದೆ. ತಲೆ ಬಳೆಯಾಗಿ ಬಿಟ್ಟಿಗೆ ಸುತ್ತಿಕೊಂಡು ಬಂತು. ಕವರ್ ಮೊದಲು ಆ ಮೂಲೆಯಲ್ಲಿ ಬಿಡಲಿಲ್ಲ. ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲನೆ ತಟ್ಟಿದಾಗ, ದಂಟಿನ ಸುತ್ತ ಬಿಳಿ ಪುಡಿ ಉದುರಿ, ಕರಕರ ಸದ್ದಿನೊಂದಿಗೆ ಜಾರಿ ಬಂತು. ಕವರಿಗೆ ಒಂದು ಗೆರೆಯೂ ಬಿದ್ದಿಲ್ಲ. ಆದರೆ ದಂಟು ಇನ್ನೂ ಅಷ್ಟೇ ಗಟ್ಟಿಯಾಗಿದೆ. ಬೆರಳಿರಲಿ, ವೈಸ್ ಗ್ರಿಪ್ಪಿಗೂ ಅಲುಗುತ್ತಿಲ್ಲ. ತಲೆ ಹೋದ ಮೇಲೆ ಸಡಿಲವಾಗಬೇಕಿತ್ತಲ್ಲವೇ?

ತುಕ್ಕುಪುಡಿ:
ಥ್ರೆಡ್ಡಿನೊಳಗೂ ಅದೇ ಬಿಳಿ ಪುಡಿ ಕಟ್ಟಿಕೊಂಡಿರಬೇಕು.

ಲೇತ್‌ಪಕ್ಕ:
ಇರಬಹುದು, ಆದರೆ ನನಗೆ ಬೇರೆ ಸಂಶಯವಿದೆ. ತಲೆ ತೆಗೆದಾಗ ಸಡಿಲವಾಗುವುದು ತಲೆಯಿಂದ ಬಂದ ಬಿಗಿತ ಮಾತ್ರ. ಅದು ಹೋದ ಮೇಲೂ ದಂಟು ಬಿಗಿಯಾಗಿದ್ದರೆ ಬಿಗಿತ ಬೇರೆಲ್ಲಿಂದಲೋ ಬರುತ್ತಿದೆ. ರಂಧ್ರದ ತಳಕ್ಕೆ ತುದಿ ಮುಟ್ಟಿ ನಿಂತಿದ್ದರೆ ಹೀಗಾಗುತ್ತದೆ. ಆ ಮೂಲೆಯಲ್ಲಿ ಎಣ್ಣೆ ಜಿನುಗುತ್ತಿತ್ತು ಎಂದಿರಿ, ಸ್ಕ್ರೂವಿನ ಮೇಲೆ ಚುಕ್ಕೆ ಇರಲಿಲ್ಲ ಎಂದಿರಿ. ಯಾರೋ ಉದ್ದದ ಸ್ಕ್ರೂ ಹಾಕಿದ್ದಾರೆ, ಅದು ಕವರನ್ನು ಒತ್ತುವ ಮೊದಲೇ ತಳ ಮುಟ್ಟಿದೆ, ಎಣ್ಣೆ ನಿಲ್ಲಲಿಲ್ಲವೆಂದು ಇನ್ನೂ ಬಿಗಿದಿದ್ದಾರೆ ಎಂದು ನನ್ನ ಊಹೆ. ಹಾಗಿದ್ದರೆ ಮೊದಲ ಕಾಲು ಸುತ್ತಷ್ಟೇ ಕಷ್ಟ. ಕ್ಲಚ್ಚಿನ ಮೇಲೆ ಬಟ್ಟೆ ಮುಚ್ಚಿ, ದಂಟಿನ ಸುತ್ತಲಿನ ಕೇಸನ್ನು ಬಿಸಿ ಮಾಡಿ, ಮೇಣದಬತ್ತಿಯ ತುಂಡನ್ನು ದಂಟಿನ ಬುಡಕ್ಕೆ ಮುಟ್ಟಿಸಿ. ಕರಗಿದ ಮೇಣವನ್ನು ಥ್ರೆಡ್ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಬಳಿಕ ಒಂದೇ ದಿಕ್ಕಿಗೆ ಜಗ್ಗದೆ, ಬಿಗಿಯುವ ಕಡೆಗೂ ಬಿಚ್ಚುವ ಕಡೆಗೂ ಸ್ವಲ್ಪ ಸ್ವಲ್ಪ ತೂಗಿ.

ನಿಧಾನಗಾಮಿ:
ವೈಸ್ ಗ್ರಿಪ್ಪನ್ನು ದಂಟಿನ ತುದಿಗಲ್ಲ, ಬುಡಕ್ಕೆ ಹತ್ತಿರ ಕಚ್ಚಿಸಿ. ತುದಿಯಲ್ಲಿ ಹಿಡಿದರೆ ದಂಟು ನುಲಿದು ಮುರಿಯುತ್ತದೆ.

ಹಳೆಚಕ್ರ:
ಬಂತು!

ಕೇಸನ್ನು ಬಿಸಿ ಮಾಡಿ ಮೇಣ ಮುಟ್ಟಿಸಿದಾಗ, ಅದು ಪಾರದರ್ಶಕವಾಗಿ ಕರಗಿ ದಂಟಿನ ಸುತ್ತ ಉಂಗುರದಂತೆ ನಿಂತು, ಕ್ಷಣದಲ್ಲಿ ಒಳಗೆ ಇಂಗಿಹೋಯಿತು. ಮೂರು ಬಾರಿ ಹಾಗೆ ಮಾಡಿದೆ. ಬುಡಕ್ಕೆ ವೈಸ್ ಗ್ರಿಪ್ ಕಚ್ಚಿಸಿ ಹಿಂದೆ ಮುಂದೆ ತೂಗಿದೆ. ಐದನೆಯದೋ ಆರನೆಯದೋ ಬಾರಿಗೆ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಅಲ್ಲಿಂದ ಮುಂದೆ ಬೆರಳಿನಲ್ಲೇ ತಿರುಗಿತು, ಲೇತ್‌ಪಕ್ಕ ಅವರು ಹೇಳಿದ ಹಾಗೆಯೇ. ಅಳೆದು ನೋಡಿದೆ. ಆ ಜಾಗದಲ್ಲಿ ಕವರಿನ ದಪ್ಪ 24 ಮಿ.ಮೀ., ಎಣ್ಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಅರ್ಧ ಮಿ.ಮೀ., ರಂಧ್ರದ ಆಳ 15. ಒಟ್ಟು 39.5. ಹೊರಬಂದ ದಂಟು 40 ಮಿ.ಮೀ., ಅದರ ತುದಿ ಚಪ್ಪಟೆಯಾಗಿ ಹೊಳೆಯುತ್ತಿದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣುವಂತಿರಲಿಲ್ಲ. ಚುಕ್ಕೆಯಿಲ್ಲದ ಇನ್ನೊಂದು ಸ್ಕ್ರೂ 35 ಮಿ.ಮೀ., ಅದು ಮೇಲಿನ ಉದ್ದದ ರಂಧ್ರದಲ್ಲಿ ಕೆಲವೇ ಸುತ್ತು ಹಿಡಿದುಕೊಂಡಿತ್ತು. ಯಾರೋ ಅವೆರಡನ್ನೂ ಅದಲುಬದಲು ಮಾಡಿದ್ದಾರೆ.

ಲೇತ್‌ಪಕ್ಕ:
ಬಹಳ ಸಂತೋಷವಾಯಿತು. ಈಗ ಆ ಮೇಲಿನ ರಂಧ್ರದ ಥ್ರೆಡ್ಡನ್ನೂ ಪರೀಕ್ಷಿಸಿ. ಕೆಲವೇ ಸುತ್ತಿನಲ್ಲಿ ಬಿಗಿದಿದ್ದರೆ ಬಾಯಿಯ ಹತ್ತಿರದ ಥ್ರೆಡ್ ಎಳೆದುಬಂದಿರಬಹುದು. ಒಳಗಿನ ಥ್ರೆಡ್ ಚೆನ್ನಾಗಿದ್ದರೆ 40 ಮಿ.ಮೀ. ಸ್ಕ್ರೂ ಅಲ್ಲಿ ಹಿಡಿಯುತ್ತದೆ. ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ ಎಂಬ ಹೊಸ ಥ್ರೆಡ್ಡಿನ ಸುರುಳಿ ಹಾಕಬೇಕು. ಎಂ6ಕ್ಕೆ 6.3 ಮಿ.ಮೀ. ಕೊರೆದು, ಅದರದ್ದೇ ಟ್ಯಾಪಿನಿಂದ (ಥ್ರೆಡ್ ಕೊರೆಯುವ ಉಪಕರಣ) ಥ್ರೆಡ್ ಮಾಡಿ, ಸ್ಟೀಲ್ ಸುರುಳಿಯನ್ನು ಮೇಲ್ಮೈಗಿಂತ ತುಸು ಕೆಳಗೆ ಕೂರಿಸುವುದು. ಟ್ಯಾಪಿನ ಉದ್ದನೆಯ ಜಾಡುಗಳಿಗೆ ಗ್ರೀಸ್ ತುಂಬಿದರೆ ಚೂರುಗಳು ಅಂಟಿಕೊಂಡು ಹೊರಬರುತ್ತವೆ.

ಹಳೆಚಕ್ರ:
ಪರೀಕ್ಷಿಸಿದೆ, ಒಳಗಿನ ಥ್ರೆಡ್ ಚೆನ್ನಾಗಿದೆ. ಒಂಬತ್ತನ್ನೂ ಬದಲಿಸುತ್ತಿದ್ದೇನೆ. ಸ್ಟೇನ್‌ಲೆಸ್ ಆಲನ್ ಬೋಲ್ಟು ಹಾಕಿದರೆ ಮುಂದೆ ತುಕ್ಕಿನ ಕಾಟವಿರುವುದಿಲ್ಲ ಅಲ್ಲವೇ?

ತುಕ್ಕುಪುಡಿ:
ಬೋಲ್ಟಿಗೆ ತುಕ್ಕು ಹಿಡಿಯುವುದಿಲ್ಲ, ಸುತ್ತಲಿನ ಅಲ್ಯೂಮಿನಿಯಮ್ ಕೊರೆದುಹೋಗುತ್ತದೆ. ತೇವವಿದ್ದಲ್ಲಿ ಸ್ಟೇನ್‌ಲೆಸ್ ಜೊತೆ ಅಲ್ಯೂಮಿನಿಯಮ್ ಸೇರಿದರೆ ಯಾವಾಗಲೂ ಸೋಲುವುದು ಅಲ್ಯೂಮಿನಿಯಮ್ಮೇ. ಸತು ಲೇಪಿಸಿದ 8.8 ದರ್ಜೆಯ ಬೋಲ್ಟು ಹಾಕಿ, ಥ್ರೆಡ್ಡಿಗೆ ತೆಳುವಾಗಿ ಆ್ಯಂಟಿ-ಸೀಜ್ ಎಂಬ, ಸಿಕ್ಕಿಕೊಳ್ಳದಂತೆ ತಡೆಯುವ ಪೇಸ್ಟ್ ಸವರಿ.

ಎಣ್ಣೆಕೈ:
ಆ್ಯಂಟಿ-ಸೀಜ್ ಸವರಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆ. ಒಣ ಥ್ರೆಡ್ಡಿಗೆಂದು ಹೇಳಿದ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಬಲ, ಅಷ್ಟನ್ನೇ ಕೊಟ್ಟರೆ ಬೋಲ್ಟಿನ ಮೇಲೆ ಎಳೆತ ಹೆಚ್ಚಾಗುತ್ತದೆ. ಎಂ6 ಕವರ್ ಬೋಲ್ಟುಗಳಿಗೆ ಸಾಮಾನ್ಯವಾಗಿ ಸುಮಾರು 10 ನ್ಯೂಟನ್-ಮೀಟರ್ ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿಯ ಅಂಕಿಯನ್ನು ನೋಡಿ ಅದಕ್ಕಿಂತ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಎದುರುಬದುರು ಬೋಲ್ಟುಗಳನ್ನು ಎರಡು ಮೂರು ಹಂತಗಳಲ್ಲಿ ಬಿಗಿಯಿರಿ.

ಹಳೆಚಕ್ರ:
ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಒಂಬತ್ತು ತೂತು ಮಾಡಿ, ಪ್ರತಿಯೊಂದರ ಪಕ್ಕ ಉದ್ದ ಬರೆದು ಹೊಸ ಬೋಲ್ಟುಗಳನ್ನು ಅದರಲ್ಲೇ ಚುಚ್ಚಿಟ್ಟಿದ್ದೇನೆ. ಹೊಸ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ನೆನೆಯುತ್ತಿವೆ, ನಾಳೆ ಜೋಡಿಸುತ್ತೇನೆ.

ಸ್ಪಾನರ್‌ಪೆಟ್ಟಿಗೆ:
ಗ್ಯಾಸ್ಕೆಟ್ ಇಡುವ ಮೊದಲು ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್ನುಗಳು ಕೇಸಿನಲ್ಲಿವೆಯೋ, ಕವರಿಗೆ ಅಂಟಿಕೊಂಡು ಬಂದಿವೆಯೋ ನೋಡಿಕೊಳ್ಳಿ.

ಹಳೆಚಕ್ರ:
ಒಂದು ಕೇಸಿನಲ್ಲಿದೆ, ಇನ್ನೊಂದು ಕವರಿನಲ್ಲೇ ಉಳಿದಿತ್ತು. ತೆಗೆದು ಅದರ ಜಾಗಕ್ಕೆ ಹಾಕಿದೆ.